ನಾಲ್ಕು ಏಣಿ, ಇಪ್ಪತ್ತು ಹೊರೆ: ಲೋನ್‌ಹೆಡ್ ಗಣಿಗೆ ಚಕ್ರ ಏಕೆ ಇಳಿಯಲಿಲ್ಲ

ಎಲಿಸನ್ ಜ್ಯಾಕ್‌ಗೆ ಆಗ 11 ವರ್ಷ. ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಲೋನ್‌ಹೆಡ್ ಕಲ್ಲಿದ್ದಲು ಗಣಿಯಲ್ಲಿ ಮೂರು ವರ್ಷಗಳಿಂದ ಕಲ್ಲಿದ್ದಲು ಹೊರುತ್ತಿದ್ದಳು. ಬೆಳಗಿನ ಜಾವ 2 ಗಂಟೆಗೆ ಅಪ್ಪ ಅವಳನ್ನು ಕೆಳಗಿಳಿಸಿದರೆ ಮೇಲೆ ಬರುವಾಗ ಮಧ್ಯಾಹ್ನ 1 ಅಥವಾ 2 ಗಂಟೆ. ಮರುದಿನದ ಕೆಲಸಕ್ಕೆ ಏಳಬೇಕೆಂದು ಸಂಜೆ 6ಕ್ಕೇ ಮಲಗುತ್ತಿದ್ದಳು. ದಿನಕ್ಕೆ ನಾಲ್ಕೈದು ತೊಟ್ಟಿ ತುಂಬಿಸುವುದು ಅವಳ ಪಾಲಿನ ಕೆಲಸ. ಒಂದು ತೊಟ್ಟಿಗೆ ನಾಲ್ಕೂಕಾಲು ಹಂಡ್ರೆಡ್‌ವೇಟ್ (ಸುಮಾರು 216 ಕಿಲೊ) ಹಿಡಿಯುತ್ತಿತ್ತು, ಐದು ತೊಟ್ಟಿ ತುಂಬಲು ಇಪ್ಪತ್ತು ಸಲ ಹೋಗಿ ಬರಬೇಕಿತ್ತು. ಹೇಳಿದಷ್ಟು ಮಾಡದಿದ್ದರೆ ಚರ್ಮದ ಪಟ್ಟಿಯ ಏಟು.

ಇದು ಮಕ್ಕಳ ದುಡಿಮೆಯನ್ನು ಪರಿಶೀಲಿಸಲು 1840ರಲ್ಲಿ ಬ್ರಿಟನ್ನಿನಲ್ಲಿ ನೇಮಕವಾದ ಆಯೋಗದ ಮುಂದೆ ಅವಳು ಕೊಟ್ಟ ಹೇಳಿಕೆಯ ಸಾರ. ಪೂರ್ವ ಸ್ಕಾಟ್ಲೆಂಡಿನ ಗಣಿಗಳಲ್ಲಿ ವಿಚಾರಣೆ ನಡೆಸಿದ ಉಪ ಆಯುಕ್ತ ರಾಬರ್ಟ್ ಫ್ರ್ಯಾಂಕ್ಸ್ ಹೇಳಿಕೆ ಬರೆದುಕೊಂಡು ಸುಮ್ಮನಾಗಲಿಲ್ಲ. ಅವಳು ನಡೆಯುವ ದಾರಿಯ ಅಳತೆಯನ್ನೂ ಕೊಟ್ಟಿದ್ದಾರೆ. ಅಳತೆ ಸಿಕ್ಕಿರುವುದರಿಂದಲೇ ಈ ಪ್ರಕರಣವನ್ನು ಲೆಕ್ಕ ಹಾಕಿ ನೋಡಬಹುದು. ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಗಣಿಗಳಲ್ಲಿ ಹಳಿಯ ಮೇಲೆ ಓಡುವ ಗಾಲಿತೊಟ್ಟಿಗಳು ಬಂದು ಅರ್ಧ ಶತಮಾನಕ್ಕೂ ಹೆಚ್ಚಾಗಿತ್ತು. ನಾಲ್ಕು ಗಾಲಿ, ಒಂದು ರಾಟೆ, ಒಂದಿಷ್ಟು ಹಳಿ ಸಿಕ್ಕಿದ್ದರೆ ಈ ಹುಡುಗಿಯ ಬೆನ್ನಿನಿಂದ ಎಷ್ಟು ಭಾರ ಇಳಿಯುತ್ತಿತ್ತು? ಇಳಿಯಲಿಲ್ಲವೆಂದರೆ ಅಡ್ಡ ಬಂದದ್ದೇನು?

ದಾರಿಯ ಅಳತೆ

ಬೆಳಿಗ್ಗೆ ಒಂಬತ್ತು ಏಣಿ ಇಳಿದು ಬಾವಿಯ ತಳ ಸೇರುತ್ತಿದ್ದಳು. (ಗಣಿಯ ಮಾತಿನಲ್ಲಿ ಬಾವಿಯೆಂದರೆ ನೆಲದಿಂದ ನೇರ ಕೆಳಕ್ಕೆ ತೋಡಿದ ಕೊಳವೆ.) ಅಲ್ಲಿಂದ ಬುಟ್ಟಿ ತೆಗೆದುಕೊಂಡು, ಕಲ್ಲಿದ್ದಲು ಕಡಿಯುವ ಜಾಗಕ್ಕೆ ಇನ್ನೂ ಕೆಳಗಿಳಿಯಬೇಕು. ಬುಟ್ಟಿ ಬೆನ್ನಿಗೆ ಒಪ್ಪುವ ಚಿಪ್ಪಿನಾಕಾರದ್ದು. ದೊಡ್ಡ ಗಟ್ಟಿಗಳು ಕತ್ತು, ಹೆಗಲ ಮೇಲೆ ಕೂರುವಂತೆ ಅದರ ಮೇಲ್ತುದಿ ಚಪ್ಪಟೆಯಾಗಿತ್ತು. ಬುಟ್ಟಿಯ ಪಟ್ಟಿಗಳು ಹಣೆಯ ಮೇಲೆ ಹಾದು ಬರುತ್ತಿದ್ದವು. ತುಂಬಿದ ಬುಟ್ಟಿಯನ್ನು ಬೆನ್ನಿಗೇರಿಸಲು ಎಷ್ಟೋ ಸಲ ಒಬ್ಬ ಗಂಡಸಿನ ಕೈ ಸಾಲುತ್ತಿರಲಿಲ್ಲ. ದೀಪವನ್ನು ತಲೆಗೆ ಕಟ್ಟಿದ ಬಟ್ಟೆಗೆ ಸಿಕ್ಕಿಸಿಕೊಂಡು ಹೊರಟರೆ ಮೊದಲ ಏಣಿಗೆ 84 ಅಡಿ. ಏಣಿ 18 ಅಡಿ ಎತ್ತರ. ಹತ್ತಿದ ಮೇಲೆ ಮೂರೂವರೆಯಿಂದ ನಾಲ್ಕೂವರೆ ಅಡಿ ಎತ್ತರದ ಸುರಂಗದಲ್ಲಿ ಬಗ್ಗಿ ನಡೆದು ಎರಡನೆಯ ಏಣಿ, ಅದೂ 18 ಅಡಿ. ಹಾಗೆಯೇ ಮೂರನೆಯದು, ನಾಲ್ಕನೆಯದು. ಕೊನೆಗೆ ಬಾವಿಯ ತಳದಲ್ಲಿಟ್ಟ ತೊಟ್ಟಿಗೆ ಸುರಿಯುವುದು. ಒಂದು ಸಲದ ನಡಿಗೆ ಮತ್ತು ಏರು ಕೂಡಿಸಿದರೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಎತ್ತರವನ್ನೂ ಮೀರುತ್ತದೆ ಎಂದು ವರದಿ ಹೇಳುತ್ತದೆ. ಹಣೆಪಟ್ಟಿ ಹರಿದು ಹೊರೆ ಹಿಂದೆ ಬರುವವರ ಮೇಲೆ ಬೀಳುವುದೂ ಅಪರೂಪವಾಗಿರಲಿಲ್ಲ.

ಹಂಡ್ರೆಡ್‌ವೇಟ್ ಎಂದರೆ 112 ಪೌಂಡ್, 50.8 ಕಿಲೊ. ಹಾಗಾಗಿ ತೊಟ್ಟಿಯೊಂದಕ್ಕೆ 216 ಕಿಲೊ, ಐದಕ್ಕೆ 1,080 ಕಿಲೊ. ಇಪ್ಪತ್ತರಿಂದ ಭಾಗಿಸಿದರೆ ಹೊರೆಯೊಂದಕ್ಕೆ 54 ಕಿಲೊ. ಅವಳ ಹೇಳಿಕೆಗೂ, ಹೊರೆ ಒಂದರಿಂದ ಒಂದೂವರೆ ಹಂಡ್ರೆಡ್‌ವೇಟ್ ಎಂದು ವರದಿ ಕೊಟ್ಟ ಅಂಕಿಗೂ ತಾಳೆಯಾಗುತ್ತದೆ. ಹುಡುಗಿ ಉತ್ಪ್ರೇಕ್ಷೆ ಮಾಡಿಲ್ಲ. ಹನ್ನೊಂದರ ಹುಡುಗಿಯ ತೂಕ 30 ಕಿಲೊ ಎಂದು ಹಿಡಿದರೆ ಹೊರೆ ಅವಳಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು.

ಇಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಒಂದು ಅಂಶವಿದೆ. ನಾಲ್ಕು ಏಣಿ ಸೇರಿ 72 ಅಡಿ, ಅಂದರೆ 22 ಮೀಟರ್. 1,080 ಕಿಲೊ ಕಲ್ಲಿದ್ದಲನ್ನು ಅಷ್ಟು ಎತ್ತರಕ್ಕೆ ಏರಿಸಬೇಕಾದದ್ದು ಸರಿ. ಆದರೆ ಪ್ರತಿ ಸಲವೂ ಅವಳು ತನ್ನ 30 ಕಿಲೊ ಮೈಯನ್ನೂ ಏರಿಸಬೇಕಿತ್ತು. ಇಪ್ಪತ್ತು ಸಲಕ್ಕೆ ಅದೇ 600 ಕಿಲೊ ಆಯಿತು. ಅವಳು ಮಾಡಿದ ಒಟ್ಟು ಏರಿಕೆಯ ಕೆಲಸದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಯಾರ ಒಲೆಗೂ ಹೋಗದೆ ವ್ಯರ್ಥವಾಗುತ್ತಿತ್ತು. ಬಾವಿಗೆ ಗಡಗಡೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಗ್ಗ ಬಂದರೆ ಮೇಲೇರುವುದು ಕೊಡ ಮಾತ್ರ, ಮನುಷ್ಯ ನಿಂತಲ್ಲೇ ನಿಂತಿರುತ್ತಾನೆ.

ಸಮತಟ್ಟು ದಾರಿಗೆ ಗಾಲಿ

ಮೊದಲು ಸುಲಭದ ಭಾಗ, ಕಡಿಯುವ ಜಾಗದಿಂದ ಮೊದಲ ಏಣಿಯವರೆಗಿನ 84 ಅಡಿ. ಶೆಫೀಲ್ಡಿನಲ್ಲಿ ನಾರ್ಫೋಕ್ ಡ್ಯೂಕನ ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಕರ್ 1780ರ ದಶಕದಲ್ಲಿ ಗಣಿಯೊಳಗೆ ಎರಕದ ಕಬ್ಬಿಣದ ಹಳಿ ಹಾಸಿದ್ದ. ಆ ಹಳಿ ಎಲ್ ಆಕಾರದ ಪಟ್ಟಿ. ಒಂದೊಂದು ತುಂಡು 6 ಅಡಿ ಉದ್ದ, ಸುಮಾರು 50 ಪೌಂಡ್ ತೂಕ. ಅಂಚಿನ ಏಣು ಹಳಿಯಲ್ಲೇ ಇರುವುದರಿಂದ ಗಾಲಿ ಸಾದಾ ಇದ್ದರೆ ಸಾಕು. ಹಳಿ ಮುಗಿದಲ್ಲಿ ಅದೇ ಗಾಲಿಯನ್ನು ಹಲಗೆಯ ಮೇಲೋ ಗಟ್ಟಿ ನೆಲದ ಮೇಲೋ ತಳ್ಳಿಕೊಂಡು ಹೋಗಬಹುದು. ಕಡಿಯುವ ಜಾಗ ದಿನದಿನಕ್ಕೆ ಮುಂದೆ ಸರಿಯುವ ಗಣಿಯಲ್ಲಿ ಇದು ದೊಡ್ಡ ಅನುಕೂಲ. ತೊಂದರೆಯೂ ಅದೇ ಮೂಲೆಯಲ್ಲಿದೆ: ಎಲ್ ಆಕಾರದ ಸಂದಿಯಲ್ಲಿ ಕಲ್ಲಿದ್ದಲ ಪುಡಿ, ಕೆಸರು ತುಂಬಿಕೊಳ್ಳುತ್ತದೆ. ದಿನಕ್ಕೊಮ್ಮೆಯಾದರೂ ಕೆರೆದು ತೆಗೆಯದಿದ್ದರೆ ಹಳಿ ಇದ್ದೂ ಇಲ್ಲದಂತೆ.

84 ಅಡಿಗೆ ಒಂದು ಬದಿಗೆ 14 ತುಂಡು, ಎರಡೂ ಬದಿಗೆ 28. ಒಟ್ಟು 1,400 ಪೌಂಡ್, ಸುಮಾರು 635 ಕಿಲೊ ಎರಕದ ಕಬ್ಬಿಣ. ಎಲಿಸನ್ ಒಂದೇ ದಿನ ಹೊರುತ್ತಿದ್ದ ಕಲ್ಲಿದ್ದಲಿನ ತೂಕಕ್ಕೆ ಹೋಲಿಸಿದರೆ ಇದು ಅದರ ಮುಕ್ಕಾಲು ಪಾಲೂ ಆಗದು.

ಗಾಲಿತೊಟ್ಟಿ ಎಷ್ಟು ದೊಡ್ಡದಿರಬೇಕು? ದೊಡ್ಡದು ಮಾಡಿದಷ್ಟೂ ಸಲ ಕಡಿಮೆಯಾಗುತ್ತದೆ ಎಂಬ ಆಸೆಗೆ ಬೀಳಬಾರದು. ಹಳಿ ತಪ್ಪಿದಾಗ ಎತ್ತಿ ಕೂರಿಸಲು ಬರುವಷ್ಟು ತೂಕವೇ ಮೇಲ್ಮಿತಿ. 100 ಕಿಲೊ ಕಲ್ಲಿದ್ದಲು ಹಿಡಿಯುವ ಪೆಟ್ಟಿಗೆ ಸಾಕು. ಒಡೆದ ಕಲ್ಲಿದ್ದಲು ಘನ ಮೀಟರಿಗೆ ಸುಮಾರು 800 ಕಿಲೊ ತೂಗುತ್ತದೆ. ಅಂದರೆ ಒಳ ಅಳತೆ 75 ಸೆಂ.ಮೀ. ಉದ್ದ, 50 ಅಗಲ, 33 ಆಳ. ಪೆಟ್ಟಿಗೆ 20 ಕಿಲೊ, ಅಚ್ಚು ಗಾಲಿ ಚೌಕಟ್ಟು ಇನ್ನೊಂದು 20. ತುಂಬಿದಾಗ 140 ಕಿಲೊ. ಪೆಟ್ಟಿಗೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಬಾರದು. ನಾಲ್ಕು ಮೂಲೆಗೆ ಬಳೆ ಹಾಕಿ, ಎತ್ತಿದರೆ ಬರುವಂತೆ ಇಡಬೇಕು. ಕಾರಣ ಮುಂದೆ ರಾಟೆಯ ಹತ್ತಿರ ಬರುತ್ತದೆ.

ಈಗ ಬಲದ ಲೆಕ್ಕ. ಗಾಲಿಯ ಸೆಳೆತವನ್ನು, ಅಂದರೆ ಅದನ್ನು ಉರುಳಿಸಲು ಬೇಕಾದ ಬಲವನ್ನು, ನಿರ್ಧರಿಸುವುದು ಮುಖ್ಯವಾಗಿ ಎರಡು: ಗಾಲಿಯ ನಡುವಿನ ಗುಂಬದೊಳಗೆ ಅಚ್ಚು ಉಜ್ಜುವ ಘರ್ಷಣೆ, ಮತ್ತು ಅಚ್ಚಿನ ದಪ್ಪಕ್ಕೂ ಗಾಲಿಯ ವ್ಯಾಸಕ್ಕೂ ಇರುವ ಅನುಪಾತ. 1 ಅಂಗುಲದ ಅಚ್ಚು, 9 ಅಂಗುಲದ ಗಾಲಿ, ಕೀಲೆಣ್ಣೆ ಸರಿಯಾಗಿ ಹಾಕಿದಾಗ ಘರ್ಷಣೆ 0.15 (ಒತ್ತುವ ಭಾರದ ಶೇ. 15) ಎಂದಿಟ್ಟುಕೊಂಡರೆ ಸೆಳೆತ ಭಾರದ 60ರಲ್ಲೊಂದು ಪಾಲು. 140 ಕಿಲೊಗೆ ಎರಡೂಕಾಲು ಕಿಲೊ ಬಲ ಸಾಕು, ಹೊರಡಿಸುವಾಗ ಸುಮಾರು ಅದರ ಎರಡರಷ್ಟು. ಕೀಲೆಣ್ಣೆ ಒಣಗಿ ಪುಡಿ ಸೇರಿತೋ, ಘರ್ಷಣೆ 0.4ಕ್ಕೆ ಏರಿ ಸೆಳೆತ 6 ಕಿಲೊ ದಾಟುತ್ತದೆ. ಗಾಲಿ ಅದೇ, ಹಳಿ ಅದೇ, ಆದರೆ ಕೆಲಸ ಎರಡೂವರೆ ಪಟ್ಟಿಗೂ ಹೆಚ್ಚು. ಕಾಸಿನ ಎಣ್ಣೆಗೆ ಜಿಪುಣತನ ಮಾಡಿದರೆ ಅದನ್ನು ತಳ್ಳುವವರ ತೊಡೆ ತೆರುತ್ತದೆ. ಎತ್ತಿನ ಗಾಡಿ ಓಡಿಸಿದವರು ಕಡಾಣಿಗಿಂತ ಮೊದಲು ಕೀಲೆಣ್ಣೆಯ ಕೊಳವೆ ಹುಡುಕುತ್ತಿದ್ದುದು ಸುಮ್ಮನಲ್ಲ.

ಗಾಲಿಯಿಲ್ಲದೆ ಅದೇ ಪೆಟ್ಟಿಗೆಯನ್ನು ಜಾರುಬಂಡಿಯಂತೆ ನೆಲದ ಮೇಲೆ ಎಳೆದಿದ್ದರೆ? ಮರಕ್ಕೂ ಒರಟು ನೆಲಕ್ಕೂ ಘರ್ಷಣೆ ಸುಮಾರು 0.5. ಗಾಲಿ ಕಳೆದು ಉಳಿದ 120 ಕಿಲೊಗೆ 60 ಕಿಲೊ ಬಲ ಬೇಕು. 30 ಕಿಲೊ ತೂಕದ ಮಗು ಒದ್ದೆ ನೆಲದ ಮೇಲೆ ಕಾಲೂರಿ ನಿಂತರೆ ಕಾಲು ಜಾರದೆ ಕೊಡಬಹುದಾದ ಬಲವೇ 12 ಕಿಲೊ ಆಸುಪಾಸು. ಲ್ಯಾಂಕಾಷೈರ್, ಯಾರ್ಕ್‌ಷೈರ್ ಕಡೆಯ ಮಕ್ಕಳು, ಹೆಂಗಸರು ಸೊಂಟಕ್ಕೆ ಪಟ್ಟಿ ಕಟ್ಟಿ, ಕಾಲುಗಳ ನಡುವೆ ಸರಪಳಿ ಹಾಯಿಸಿ ನಾಲ್ಕು ಕಾಲಿನ ಮೇಲೆ ತೆವಳುತ್ತಿದ್ದುದರ ಒಳಗುಟ್ಟು ಇಲ್ಲಿದೆ. ಸುರಂಗದ ಚಾವಣಿ ಕೆಳಗಿತ್ತು ಎಂಬುದು ಒಂದು ಕಾರಣ. ಕಾಲ್ಬೆರಳು, ಕೈಬೆರಳು ಎಲ್ಲವನ್ನೂ ನೆಲದ ಉಬ್ಬುತಗ್ಗಿಗೆ ಸಿಕ್ಕಿಸಿಕೊಳ್ಳದೆ ಅಷ್ಟು ಬಲ ಹುಟ್ಟುವುದೇ ಇಲ್ಲ ಎಂಬುದು ಇನ್ನೊಂದು.

ಗಾಲಿ ಬಂದ ಮೇಲೆ ಶತ್ರು ಬದಲಾಗುತ್ತಾನೆ. ಘರ್ಷಣೆ ಹೋಗಿ ಏರು ಬರುತ್ತದೆ. 20 ಅಡಿಗೆ 1 ಅಡಿ ಏರಿದರೆ ಆ ಏರಿಗೇ 7 ಕಿಲೊ, 10 ಅಡಿಗೆ 1 ಅಡಿಯಾದರೆ 14 ಕಿಲೊ. ಇವುಗಳ ಮುಂದೆ ಎರಡೂಕಾಲು ಕಿಲೊ ಘರ್ಷಣೆ ಏನೂ ಅಲ್ಲ. ಹೊತ್ತುಕೊಂಡು ನಡೆಯುವವರಿಗೆ ಗೊತ್ತೇ ಆಗದ ಏರು ಗಾಲಿಗೆ ಬೆಟ್ಟವಾಗುತ್ತದೆ. ಹಾಗಾಗಿ ಹಳಿ ಹಾಸುವ ಮೊದಲು ನೆಲವನ್ನು ಕೊರೆದು ಹದ ಮಾಡಬೇಕು. ತುಂಬಿದ್ದು ಹೋಗುವ ದಿಕ್ಕಿಗೆ ಸ್ವಲ್ಪ ಇಳಿಜಾರು ಕೊಡುವುದು ಹಳೆಯ ಜಾಣ್ಮೆ. ತುಂಬಿದ 140 ಕಿಲೊ ಇಳಿಸಲು ಮತ್ತು ಖಾಲಿ 40 ಕಿಲೊ ಏರಿಸಲು ಒಂದೇ ಬಲ ಸಾಕಾಗುವ ಇಳಿಜಾರು ಸುಮಾರು 108 ಅಡಿಗೆ 1 ಅಡಿ. ನಮ್ಮ 84 ಅಡಿ ದಾರಿಗೆ ಒಂಬತ್ತೂಕಾಲು ಅಂಗುಲ. ಆಗ ಎರಡೂ ಕಡೆ ಬೇಕಾಗುವ ಬಲ ಒಂದು ಕಿಲೊಗೆ ಸ್ವಲ್ಪ ಹೆಚ್ಚು. ಇನ್ನೂ ಸುಲಭ ಮಾಡುತ್ತೇವೆಂದು ಹೊರಟು ಇಳಿಜಾರು 60 ಅಡಿಗೆ 1 ಅಡಿಯನ್ನು ಮೀರಿದರೆ ತೊಟ್ಟಿ ತಾನಾಗಿ ಓಡತೊಡಗುತ್ತದೆ, ಮುಂದೆ ಮಗುವಿರುತ್ತದೆ. ಇಳಿಜಾರಿನಲ್ಲಿ ತೊಟ್ಟಿ ನಿಲ್ಲಿಸಲು ಗಾಲಿಯ ಅರಗಳ ನಡುವೆ ಮರದ ಗೂಟ ತೂರಿಸುವ ಪದ್ಧತಿ ಗಣಿಗಳಲ್ಲಿತ್ತು. ಗೂಟದ ಜೊತೆ ಬೆರಳೂ ಹೋಗುವುದು ಅದರ ಬೆಲೆ.

1,080 ಕಿಲೊಗೆ ಇಪ್ಪತ್ತರ ಬದಲು ಹನ್ನೊಂದು ಸಲ. ಹೋಗಿ ಬರುವ ದೂರ ಎಲ್ಲ ಸೇರಿ ಅರ್ಧ ಕಿಲೊಮೀಟರಿಗೆ ತುಸು ಹೆಚ್ಚು. ತುಂಬುವ ಹೊತ್ತು ಬಿಟ್ಟರೆ ಅರ್ಧ ಗಂಟೆಯ ಕೆಲಸ.

ಇಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಉಪಯೋಗ ಹೆಚ್ಚುಕಡಿಮೆ ಸೊನ್ನೆ. ಏಣಿಯ ಬುಡಕ್ಕೆ ಗಾಲಿಯಲ್ಲಿ ಬಂದ ಕಲ್ಲಿದ್ದಲನ್ನು ಮತ್ತೆ ಬುಟ್ಟಿಗೆ ತುಂಬಿ, ಮತ್ತೆ ಯಾರೋ ಎತ್ತಿ ಬೆನ್ನಿಗೇರಿಸಿ, ಅದೇ ಇಪ್ಪತ್ತು ಸಲ ಏಣಿ ಹತ್ತಬೇಕು. ಸುರಿದು ತುಂಬುವಾಗ ಗಟ್ಟಿಗಳು ಒಡೆಯುತ್ತವೆ. ಗಟ್ಟಿ ಕಲ್ಲಿದ್ದಲಿಗಿದ್ದ ಬೆಲೆ ಪುಡಿಗಿರಲಿಲ್ಲ. ಅಪ್ಪನ ಕೂಲಿಗೂ ಅದು ಹೊಡೆತ. ಅರ್ಧ ದಾರಿಗೆ ಗಾಲಿ ಹಾಕುವುದು ಇಂಥ ಕಡೆ ಹಾಕದಿರುವುದಕ್ಕಿಂತ ಕಿರಿಕಿರಿ.

72 ಅಡಿ

ಎಡಿನ್‌ಬರೋ ಸುತ್ತಲಿನ ಈ ಭಾಗದಲ್ಲಿ ಕಲ್ಲಿದ್ದಲಿನ ಪದರಗಳು ಮಲಗಿಲ್ಲ, ಹೆಚ್ಚುಕಡಿಮೆ ಅಂಚಿನ ಮೇಲೆ ನಿಂತಿವೆ. ತನ್ನ ಕೆಲಸದ ಜಾಗದ ಪದರಗಳು ಹಾಗಿವೆಯೆಂದು ಎಲಿಸನ್ ಕೂಡ ಹೇಳಿದ್ದಾಳೆ. ಮಲಗಿದ ಪದರದಲ್ಲಿ ಹಳಿ ಹಾಸಬಹುದು, ನಿಂತ ಪದರದಲ್ಲಿ ಏಣಿಯೇ ದಾರಿ. ಅದರ ಮೇಲೆ, ಇಲ್ಲಿ ಕಡಿಯುವ ಜಾಗ ಬಾವಿಯ ತಳಕ್ಕಿಂತ ಕೆಳಗಿತ್ತು. ಮೇಲಿದ್ದಿದ್ದರೆ ಗುರುತ್ವವೇ ಕೂಲಿ ಮಾಡುತ್ತಿತ್ತು: ಗಡಗಡೆಯ ಮೇಲೆ ಒಂದು ಹಗ್ಗ, ಇಳಿಯುವ ತುಂಬಿದ ತೊಟ್ಟಿ ಖಾಲಿಯದನ್ನು ಮೇಲೆಳೆಯುತ್ತದೆ, ಬೇಕಾದ್ದು ಒಂದು ಬ್ರೇಕ್ ಮಾತ್ರ. ಕೆಳಗಿದ್ದುದರಿಂದ ಯಾರಾದರೂ ಎತ್ತಲೇಬೇಕು.

ಪರಿಹಾರ ಏಣಿಗಳ ಬದಲು ಒಳಬಾವಿ. ನೆಲದ ಮೇಲಕ್ಕೆ ಬಾರದ, ಬಾವಿಯ ತಳದ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ನೇರ ತೋಡಿದ ಕೊಳವೆ. 4 ಅಡಿ ಚೌಕ, 72 ಅಡಿ ಆಳ. ಅದರ ಬಾಯಿಗೆ ರಾಟೆ.

ರಾಟೆಯ ಉರುಳೆ 8 ಅಂಗುಲ ವ್ಯಾಸ, ತಿರುಗಿಸುವ ಹಿಡಿಯ ತೋಳು 16 ಅಂಗುಲ. ಇದರಿಂದ ಕೈಯ ಬಲಕ್ಕೆ ನಾಲ್ಕು ಪಟ್ಟು ಲಾಭ. ಸಾಲದು. ನಡುವೆ ಒಂದಕ್ಕೆ ನಾಲ್ಕರ ಹಲ್ಲುಚಕ್ರದ ಜೋಡಿ ಹಾಕಿದರೆ ಹದಿನಾರು ಪಟ್ಟು. ಉರುಳೆಗೆ ಹಗ್ಗದ ಎರಡು ತುದಿ: ಒಂದು ಸುತ್ತುವಾಗ ಇನ್ನೊಂದು ಬಿಚ್ಚಬೇಕು, ತುಂಬಿದ ಪೆಟ್ಟಿಗೆ ಏರುವಾಗ ಖಾಲಿ ಪೆಟ್ಟಿಗೆ ಇಳಿಯಬೇಕು. ಆಗ ಪೆಟ್ಟಿಗೆಗಳ ತೂಕ ಒಂದಕ್ಕೊಂದು ಸಮವಾಗಿ ಎತ್ತಬೇಕಾದದ್ದು ಕಲ್ಲಿದ್ದಲಿನ 100 ಕಿಲೊ ಮಾತ್ರ. ಹಿಡಿಯ ಮೇಲೆ ಬೀಳುವುದು ಆರೂಕಾಲು ಕಿಲೊ, ಘರ್ಷಣೆಗೆ ಶೇ. 30 ಹೋದರೆ ಸುಮಾರು 9 ಕಿಲೊ. ಒಂದು ಸುತ್ತಿಗೆ ಹಗ್ಗ ಆರೂಕಾಲು ಅಂಗುಲ ಏರುತ್ತದೆ. 72 ಅಡಿಗೆ 137 ಸುತ್ತು. ನಿಮಿಷಕ್ಕೆ 25 ಸುತ್ತಿನಂತೆ ಐದೂವರೆ ನಿಮಿಷ. ಹನ್ನೊಂದು ಪೆಟ್ಟಿಗೆಗೆ ಒಂದು ಗಂಟೆ. ಬೆಳೆದ ಆಳೂ ಈ ವೇಗದಲ್ಲಿ ಸತತವಾಗಿ ತಿರುಗಿಸಲಾರ. ನಡುನಡುವೆ ದಮ್ಮು ತೆಗೆದುಕೊಂಡರೆ ಒಂದೂವರೆ ಗಂಟೆ.

ಮಗು ಹನ್ನೊಂದು ಹನ್ನೆರಡು ಗಂಟೆ ನೆಲದಡಿಯಿದ್ದು ಮಾಡುತ್ತಿದ್ದ ಕೆಲಸದ ಅತಿ ಕಷ್ಟದ ಭಾಗ ಒಬ್ಬ ಗಂಡಾಳಿಗೆ ಒಂದೂವರೆ ಗಂಟೆಯದು.

ಕೆಡುವುದು ಎಲ್ಲಿ? ಮೊದಲು ಹಗ್ಗ. ಒಂದು ಅಂಗುಲ ದಪ್ಪದ ಸೆಣಬಿನ ಹಗ್ಗ ಹೊಸದಿದ್ದಾಗ ಈ ಭಾರದ ಹತ್ತು ಪಟ್ಟಿಗೂ ಮೀರಿ ತಾಳುತ್ತದೆ. ಗಣಿಯ ತೇವದಲ್ಲಿ ಅದು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಎಳೆ ಬಿಡಿಸಿ ಒಳಗೆ ನೋಡುವ ಅಭ್ಯಾಸ ಬೇಕು. ಎರಡನೆಯದು, ಹಿಡಿ ಕೈ ತಪ್ಪಿದಾಗ ಉರುಳೆ ಹಿಂದಕ್ಕೆ ಸುತ್ತದಂತೆ ತಡೆಯುವ ಹಲ್ಲು ಮತ್ತು ನಾಲಗೆ. ಅದಿಲ್ಲದ ರಾಟೆಯ ಹಿಡಿ ಹಿಂದಿರುಗಿ ಹೊಡೆದರೆ ದವಡೆ ಮುರಿಯುತ್ತದೆ. ಮೂರನೆಯದು, ಪೆಟ್ಟಿಗೆ ಏರುವಾಗ ತೂಗಾಡಿ ಬಾವಿಯ ಗೋಡೆಗೆ ತಗುಲಿ ಮಗುಚುವುದು. ಎರಡು ಬದಿಗೆ ಮರದ ದಾರಿಪಟ್ಟಿ ಹಾಕಿ ಪೆಟ್ಟಿಗೆಯನ್ನು ಅದರ ನಡುವೆ ಏರಿಸುವ ಉಪಾಯವನ್ನೂ ಅದೇ ಜಾನ್ ಕರ್ 1788ರಲ್ಲಿ ಪೇಟೆಂಟ್ ಮಾಡಿಸಿದ್ದ. ಪೆಟ್ಟಿಗೆಯನ್ನು ಚೌಕಟ್ಟಿನಿಂದ ಬಿಡಿಯಾಗಿ ಇಡಬೇಕೆಂದದ್ದು ಇದಕ್ಕೇ: ನಾಲ್ಕು ಬಳೆಗೆ ಕೊಕ್ಕೆ ಸಿಕ್ಕಿಸಿದರೆ ಕಡಿಯುವಲ್ಲಿ ತುಂಬಿದ ಗಟ್ಟಿ ಮೇಲಿನವರೆಗೂ ಮುಟ್ಟದೆ ಬರುತ್ತದೆ.

ಒಳಬಾವಿಯ ಖರ್ಚನ್ನು ಮುಚ್ಚಿಡುವುದು ಬೇಡ. 4 ಅಡಿ ಚೌಕ, 72 ಅಡಿ ಆಳವೆಂದರೆ 1,152 ಘನ ಅಡಿ, ಸುಮಾರು 33 ಘನ ಮೀಟರ್ ಕಲ್ಲು. ತೂಕ 80 ಟನ್ನಿನ ಮೇಲೆ. ಕಡಿದು, ಸಾಗಿಸಿ, ಗೋಡೆಗೆ ಮರ ಕೊಟ್ಟು, ತಳದಲ್ಲಿ ನಿಲ್ಲುವ ನೀರಿಗೆ ದಾರಿ ಮಾಡಬೇಕು. ಆದರೂ ಆ 80 ಟನ್ ಎಲಿಸನ್ ಒಬ್ಬಳ ಸುಮಾರು 75 ದಿನದ ಹೊರೆ. ಅದೇ ದಾರಿಯಲ್ಲಿ ಹತ್ತು ಮಂದಿ ಹೊರುವವರಿದ್ದರೆ ಎಂಟು ದಿನದ್ದು.

ಲೆಕ್ಕ ಗೊತ್ತಿದ್ದೂ

ಈ ಲೆಕ್ಕ ಅಂದಿನವರಿಗೆ ತಿಳಿಯದಿರಲಿಲ್ಲ. ಗಣಿ ಎಂಜಿನಿಯರ್ ರಾಬರ್ಟ್ ಬಾಲ್ಡ್ 1808ರಲ್ಲೇ ಸ್ಕಾಟ್ಲೆಂಡಿನ ಹೊರೆ ಹೆಂಗಸರ ಬಗ್ಗೆ ಅಂಕಿ ಸಮೇತ ಬರೆದಿದ್ದ: ಸಲಕ್ಕೆ 170 ಪೌಂಡ್, ದಿನಕ್ಕೆ 24 ಸಲ, ಒಟ್ಟು 4,080 ಪೌಂಡ್, ಅದೂ ಮೆಟ್ಟಿಲು ಹತ್ತಿ ನೆಲದ ಮೇಲಕ್ಕೆ. ಪಶ್ಚಿಮ ಸ್ಕಾಟ್ಲೆಂಡಿನ ಗಣಿಗಳಲ್ಲಿ ಹೆಂಗಸರನ್ನು ಒಳಗಿಳಿಸುವ ರೂಢಿಯೇ ಇರಲಿಲ್ಲವೆನ್ನಬಹುದು. ಟೈನ್ ನದಿಯ ಸುತ್ತಲಿನ ಇಂಗ್ಲಿಷ್ ಗಣಿಗಳಲ್ಲಿ ಅದು ಎಂದೋ ನಿಂತುಹೋಗಿತ್ತು. ಕೆಲವೇ ಗಂಟೆಗಳ ದಾರಿಯಲ್ಲಿ ಹಳಿ, ಗಾಲಿ, ಕುದುರೆ ಎಲ್ಲ ಇದ್ದವು.

ಅಡ್ಡಿ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ಪೂರ್ವ ಸ್ಕಾಟ್ಲೆಂಡಿನಲ್ಲಿ ಗಣಿ ಮಾಲೀಕ ಕಡಿಯುವವನಿಗೆ ಕೂಲಿ ಕೊಡುತ್ತಿದ್ದುದು ಬಾವಿಯ ತಳಕ್ಕೆ ತಲುಪಿದ ತೊಟ್ಟಿಗಳ ಲೆಕ್ಕದಲ್ಲಿ. ಅಲ್ಲಿಗೆ ತಲುಪಿಸುವುದು ಕಡಿಯುವವನ ಹೊಣೆ. ಅವನು ಹೆಂಡತಿ ಮಕ್ಕಳನ್ನು ಹೂಡುತ್ತಿದ್ದ, ಇಲ್ಲದವನು ಬೇರೆಯವರ ಹೆಣ್ಣುಮಕ್ಕಳನ್ನು ಕೂಲಿಗೆ ಹಿಡಿಯುತ್ತಿದ್ದ. ಹೀಗಾಗಿ ಸಾಗಣೆಯ ಖರ್ಚು ಮಾಲೀಕನ ಪುಸ್ತಕದಲ್ಲಿ ಒಂದು ಸಾಲಾಗಿಯೂ ಬರುತ್ತಿರಲಿಲ್ಲ. ಹಳಿ ಹಾಸಬೇಕಾದವನು, ಒಳಬಾವಿ ತೋಡಿಸಬೇಕಾದವನು ಮಾಲೀಕ. ಉಳಿತಾಯ ಕಡಿಯುವವನ ಮನೆಗೆ. ತನಗೆ ಬಾರದ ಲಾಭಕ್ಕೆ 80 ಟನ್ ಕಲ್ಲು ಕಡಿಸುವವರು ಯಾರು? ಕಡಿಯುವವನ ಕಡೆಯಿಂದ ನೋಡಿದರೂ ಹಾಗೆಯೇ: ರಾಟೆಯ ಗಂಡಾಳಿಗೆ ಒಂದೂವರೆ ಗಂಟೆಯ ಕೂಲಿಯನ್ನು ಕಾಸಿನಲ್ಲಿ ಎಣಿಸಬೇಕು, ಮಗಳಿಗೆ ಎಣಿಸಬೇಕಾಗಿರಲಿಲ್ಲ. ಇದರ ಹಿಂದೆ ಹಳೆಯ ಕಟ್ಟೂ ಇತ್ತು. 1606ರ ಕಾಯ್ದೆಯಿಂದ ಸ್ಕಾಟ್ಲೆಂಡಿನ ಗಣಿ ಕೆಲಸಗಾರರು ಗಣಿಗೇ ಬಿದ್ದ ಜೀತದಾಳುಗಳಾಗಿದ್ದರು. 1775 ಮತ್ತು 1799ರ ಕಾಯ್ದೆಗಳು ಜೀತ ಬಿಡಿಸಿದವು. ಇಡೀ ಕುಟುಂಬ ಗಣಿಗಿಳಿಯುವ ರೂಢಿ ಮಾತ್ರ ಉಳಿದುಕೊಂಡಿತು.

ನಮ್ಮಲ್ಲಿ ಕಟ್ಟಡ ಕಟ್ಟುವ ಕಡೆ ಕೈಗಾಡಿ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದು, ಜಲ್ಲಿ ಬಾಂಡ್ಲಿಯಲ್ಲಿ ತಲೆಯ ಮೇಲೆ ಹೋಗುವುದನ್ನು ಯಾರೂ ಕಾಣಬಹುದು. ಗಾಡಿಯಿದ್ದರೂ ಮಣ್ಣಿನ ಮೇಲೆ ಹಲಗೆ ಹಾಸಿರುವುದಿಲ್ಲ. ಚಕ್ರ ಕೊಳ್ಳುವುದು ಸುಲಭ, ದಾರಿ ಮಾಡುವುದು ಯಾರ ಕೆಲಸವೆಂದು ತೀರ್ಮಾನವಾಗಿರುವುದಿಲ್ಲ.

ಗಾಲಿಯಿದ್ದ ಗಣಿಯ ಹುಡುಗಿ

ಹಾಗಾದರೆ ಗಾಲಿಯಿದ್ದ ಕಡೆ ಮಕ್ಕಳು ಸುಖವಾಗಿದ್ದರೇ? ಅದೇ ಆಯೋಗದ ಮುಂದೆ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಕಡೆಯ ಪೇಷನ್ಸ್ ಕರ್ಷಾ ಎಂಬ 17ರ ಹುಡುಗಿಯ ಹೇಳಿಕೆಯೂ ಇದೆ. ಅವಳು ತಳ್ಳುತ್ತಿದ್ದ ತೊಟ್ಟಿ 3 ಹಂಡ್ರೆಡ್‌ವೇಟಿನದು, ದಿನಕ್ಕೆ 11, ಒಂದು ಮೈಲಿಗೂ ಹೆಚ್ಚು ದೂರ. ಕಡಿಯುವ ಜಾಗದಿಂದ ತೊಟ್ಟಿಯನ್ನು ಹೊರಗೆಳೆಯಲು ಸೊಂಟಪಟ್ಟಿ, ಸರಪಳಿ. ತಲೆಯಿಂದ ತಳ್ಳಿ ತಳ್ಳಿ ನೆತ್ತಿಯ ಕೂದಲು ಉದುರಿಹೋಗಿತ್ತು. 33 ಹಂಡ್ರೆಡ್‌ವೇಟ್ ಎಂದರೆ 1,676 ಕಿಲೊ. ಎಲಿಸನ್ ಹೊತ್ತದ್ದಕ್ಕಿಂತ ಒಂದೂವರೆ ಪಟ್ಟು, ಎಷ್ಟೋ ಪಾಲು ಹೆಚ್ಚಿನ ದೂರಕ್ಕೆ. ಚಕ್ರ ಉಳಿಸಿದ ಶ್ರಮವನ್ನೆಲ್ಲ ತೂಕ ಮತ್ತು ದೂರ ನುಂಗಿಹಾಕಿದ್ದವು.

ತೆಳುವಾದ ಪದರವೂ ಇಲ್ಲಿ ಸೇರಿಕೊಂಡಿತು. ಆ ಕಡೆಯ ಕೆಲವು ಗಣಿಗಳ ಒಳದಾರಿ ಎರಡು ಅಡಿಯೂ ಎತ್ತರವಿರಲಿಲ್ಲ. ಕಲ್ಲಿದ್ದಲಿನ ಜೊತೆ ಚಾವಣಿಯ ಕಲ್ಲನ್ನೂ ಕಡಿದು ಎತ್ತರ ಮಾಡಿದರೆ ಆ ಕಲ್ಲಿಗೆ ಮಾರುಕಟ್ಟೆಯಿಲ್ಲ. ಅಷ್ಟು ತಗ್ಗಿನಲ್ಲಿ 9 ಅಂಗುಲದ ಗಾಲಿ ಹಾಕಿದರೆ ಪೆಟ್ಟಿಗೆಗೆ ಜಾಗವಿಲ್ಲ. 5 ಅಂಗುಲಕ್ಕೆ ಇಳಿಸಿದರೆ ಅದೇ ಅಚ್ಚಿಗೆ ಸೆಳೆತ ಸುಮಾರು ಎರಡು ಪಟ್ಟಾಗುತ್ತದೆ. ಕುದುರೆ ನುಗ್ಗುವುದಿಲ್ಲ, ಗಂಡಸು ನೆಟ್ಟಗೆ ನಿಲ್ಲಲಾರ. ಅಲ್ಲಿಗೆ ಹೊಂದುವ ಅಳತೆ ಮಗುವಿನದೇ.

ಹಳಿ ಇನ್ನೊಂದು ಕೆಲಸವನ್ನೂ ಹುಟ್ಟಿಸಿತು. ಗಣಿಯ ಗಾಳಿಯನ್ನು ಬೇಕಾದ ದಾರಿಯಲ್ಲಿ ತಿರುಗಿಸಲು ಅಲ್ಲಲ್ಲಿ ಬಾಗಿಲುಗಳಿರುತ್ತವೆ. ಗಾಲಿತೊಟ್ಟಿಗಳು ಓಡಾಡುವ ದಾರಿಗೇ ಬಾಗಿಲು ಬಂದರೆ ತೆರೆದು ಮುಚ್ಚಲು ಒಬ್ಬರು ಕೂರಬೇಕು. ಕುಳಿತವರು ಎಳೆಯ ಮಕ್ಕಳು, ಕೆಲವರಿಗೆ ಐದಾರು ವರ್ಷ. ಯಾರ್ಕ್‌ಷೈರಿನದೇ ಆದ ಗಾಬರ್ ಗಣಿಯಲ್ಲಿ ಬಾಗಿಲು ಕಾಯುತ್ತಿದ್ದ 8 ವರ್ಷದ ಸಾರಾ ಗೂಡರ್ ಇದು ಆಯಾಸದ ಕೆಲಸವಲ್ಲ, ಆದರೆ ದೀಪವಿಲ್ಲದೆ ಕೂರಬೇಕು, ಹೆದರಿಕೆಯಾಗುತ್ತದೆ ಎಂದಿದ್ದಳು. ಬಾಗಿಲ ಚೌಕಟ್ಟನ್ನು ತುಸು ವಾಲಿಸಿ ಕೂರಿಸಿದರೆ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಕಲ್ಲು, ಒಂದು ಗಡಗಡೆ, ಎರಡು ಮೊಳ ಹಗ್ಗ ಸೇರಿಸಿದರೆ ಇನ್ನೂ ಭದ್ರ. ಆದರೆ ತೊಟ್ಟಿಯಿಂದ ಬಿದ್ದ ಒಂದು ತುಂಡು ಹೊಸ್ತಿಲಲ್ಲಿ ಸಿಕ್ಕಿ ಬಾಗಿಲು ಅರೆತೆರೆದು ನಿಂತರೆ ಮುಂದಿನ ಸುರಂಗದಲ್ಲಿ ಅನಿಲ ತುಂಬುತ್ತದೆ. ಆ ಭಯಕ್ಕೆ ಅವರು ಕಂಡುಕೊಂಡ ಅಗ್ಗದ ಉತ್ತರ ಕತ್ತಲಲ್ಲಿ ಕುಳಿತ ಮಗು.

ಕಾಯ್ದೆ ಮೊದಲು, ಹಳಿ ಆಮೇಲೆ

ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕನ ಗಣಿಗಳ ಮ್ಯಾನೇಜರ್ ಜೇಮ್ಸ್ ರೈಟ್ ಆಯೋಗಕ್ಕೆ ಹೇಳಿದ್ದು ಈ ಪ್ರಕರಣದ ಕೀಲಿಕೈ. ಆ ಗಣಿಗಳಿಂದ ಹೆಂಗಸರನ್ನೂ ಎಳೆಯ ಮಕ್ಕಳನ್ನೂ ಆಗಲೇ ಹೊರಗಿಟ್ಟಿದ್ದರು. ಹೀಗೆ ಮಾಡಿದರೆ ಮಾಲೀಕರು ಗಣಿಯ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ, ಗಾಳಿ ಚೆನ್ನಾಗಿ ಆಡಿಸುತ್ತಾರೆ, ದಾರಿಗಳನ್ನು ಸರಿ ಮಾಡುತ್ತಾರೆ ಎಂಬುದು ಅವನ ಅಭಿಪ್ರಾಯ. ಹೊರಗಿಟ್ಟ ಮೇಲೆ ಕಲ್ಲಿದ್ದಲಿನ ಬೆಲೆ ಏರಿಸುವ ಸಂದರ್ಭವೇ ತಮಗೆ ಬರಲಿಲ್ಲವೆಂದೂ ಸೇರಿಸಿದ. ಅಂದರೆ ದಾರಿ ಸರಿಯಾಗಿ ಮಕ್ಕಳು ಹೊರಬರಲಿಲ್ಲ, ಮಕ್ಕಳು ಹೊರಬಂದದ್ದರಿಂದ ದಾರಿ ಸರಿಯಾಯಿತು.

1842ರ ಆಗಸ್ಟ್ 10ರಂದು ಕಾಯ್ದೆ ಬಂತು. ಎಲ್ಲ ಹೆಂಗಸರಿಗೂ ಹುಡುಗಿಯರಿಗೂ, 10 ವರ್ಷದೊಳಗಿನ ಹುಡುಗರಿಗೂ ನೆಲದಡಿಯ ಕೆಲಸ ನಿಷಿದ್ಧವಾಯಿತು. 1843ರ ಮಾರ್ಚ್ 1ರ ಹೊತ್ತಿಗೆ ಹೆಂಗಸರೆಲ್ಲ ಹೊರಬರಬೇಕಿತ್ತು. ಮೇಲ್ವಿಚಾರಣೆಗೆ ಇದ್ದದ್ದು ಒಬ್ಬನೇ ಇನ್‌ಸ್ಪೆಕ್ಟರ್, ಹ್ಯೂ ಟ್ರೆಮೆನ್‌ಹಿಯರ್. ಕದ್ದುಮುಚ್ಚಿ ಇಳಿಸುವುದು ಕೆಲಕಾಲ ನಡೆಯಿತು. ಹೊರುವವರಿಲ್ಲದ ಮೇಲೆ ಸಾಗಣೆ ಮೊದಲ ಬಾರಿಗೆ ಮಾಲೀಕನ ಪುಸ್ತಕದ ಸಾಲಾಯಿತು. ಗಾಲಿತೊಟ್ಟಿ, ಹಳಿ, ಎತ್ತರವಿದ್ದ ಕಡೆ ಸಣ್ಣ ಕುದುರೆ ಇಳಿದವು.

ಹತ್ತು ದಾಟಿದ ಹುಡುಗರು ಆ ತೊಟ್ಟಿಗಳ ಹಿಂದೆ ಉಳಿದರು. 1872ರ ಕಾಯ್ದೆ ಅವರ ವಯಸ್ಸನ್ನು 12ಕ್ಕೆ ಏರಿಸಿದಾಗಲೂ ಒಂದು ಕಿಂಡಿ ಬಿಟ್ಟಿತ್ತು: ಪದರ ತೀರ ತೆಳುವಾಗಿರುವ ಗಣಿಗಳಲ್ಲಿ, ಸರ್ಕಾರದ ಅಪ್ಪಣೆ ಪಡೆದು, ಹತ್ತರಿಂದ ಹನ್ನೆರಡರ ಹುಡುಗರನ್ನು ಇಳಿಸಬಹುದಿತ್ತು.